ಸೇಲ್ಸ್ ಬಿಟ್ಟು ದೋಟಿ ಹಿಡಿದೆ

ಶಿವಮೊಗ್ಗದ ಖಾಸಗಿ ಕಂಪನಿಯೊಂದರಲ್ಲಿ ನಾನು ಏರಿಯಾ ಸೇಲ್ಸ್ ಮ್ಯಾನೇಜರ್. 2020ರ ಲಾಕ್‌ಡೌನ್ ಮುಗಿಯುವಷ್ಟರಲ್ಲಿ ನಮ್ಮ ಶಾಖೆಗೆ ಬೀಗ ಬಿತ್ತು. ಆಮೇಲೆ ಹೋದ ಇಂಟರ್‌ವ್ಯೂಗಳಲ್ಲೆಲ್ಲ ನಲವತ್ತು ದಾಟಿದವನಿಗೆ ಸಿಕ್ಕ ಉತ್ತರ ಒಂದೇ, ‘ತಿಳಿಸ್ತೀವಿ’. ಮನೆ ಬಾಡಿಗೆ, ಮಗಳ ಸ್ಕೂಲ್ ಫೀಸು ಕಾಯಬೇಕಲ್ಲ. ತೀರ್ಥಹಳ್ಳಿ ಹತ್ತಿರದ ಊರಿಗೆ ಬಂದುಬಿಟ್ಟೆವು.

ಊರಲ್ಲಿ ಯಾರನ್ನು ಮಾತಾಡಿಸಿದರೂ ಅಡಿಕೆ ಮರ ಹತ್ತೋರು ಸಿಗ್ತಿಲ್ಲ ಅನ್ನುವುದೇ ಗೋಳು. ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುವ ಕೊನೆಗೌಡರಿಗೆ ವಯಸ್ಸಾಗಿದೆ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಮರ ಹತ್ತುವ ವಯಸ್ಸು ನನಗೂ ಇರಲಿಲ್ಲ. ಆದರೆ ಅಷ್ಟೊತ್ತಿಗೆ ನಮ್ಮ ಕಡೆ ಕಾರ್ಬನ್ ಫೈಬರ್ ದೋಟಿ, ಅಂದರೆ ಎಳೆದು ಉದ್ದ ಮಾಡುವ ಕೋಲು, ಬಂದಿತ್ತು. ನೆಲದಲ್ಲೇ ನಿಂತು ಕೊನೆ ಇಳಿಸಬಹುದು, ಔಷಧಿ ಹೊಡೆಯಬಹುದು.

ಕಲಿಸಿದ ಹುಡುಗ ನನಗಿಂತ ಎಷ್ಟೋ ಚಿಕ್ಕವನು. ದೋಟಿ ಹಗುರ ಅಂತಾರೆ, ಹೆಗಲ ಮೇಲಿದ್ದಾಗ ಹಗುರವೇ. ಪೂರ್ತಿ ಎತ್ತರಕ್ಕೆ ಎಳೆದು ನಿಲ್ಲಿಸಿದ ಮೇಲೆ ಸಣ್ಣ ಗಾಳಿಗೂ ತುದಿ ಓಲಾಡುತ್ತದೆ, ಆ ಎಳೆತವೆಲ್ಲ ಮಣಿಕಟ್ಟಿಗೆ. “ಕೈ ನೋಡ್ಬೇಡಿ ಅಣ್ಣ, ತುದಿ ನೋಡಿ” ಎಂದು ಬೆಳಗಿಂದ ಸಂಜೆವರೆಗೆ ಹೇಳುತ್ತಿದ್ದ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ ಅನ್ನುವುದನ್ನೂ ಅವನೇ ತಲೆಗೆ ಹಾಕಿದ. ಇವತ್ತಿಗೂ ತೋಟಕ್ಕೆ ಕಾಲಿಟ್ಟ ಕೂಡಲೇ ಲೈನ್ ಎಲ್ಲಿ ಹಾದಿದೆ ಎಂದು ನೋಡುತ್ತೇನೆ. ಅದರ ಹತ್ತಿರದ ಮರಗಳನ್ನು ಯಾರು ಎಷ್ಟು ಒತ್ತಾಯಿಸಿದರೂ ಮುಟ್ಟುವುದಿಲ್ಲ.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹೊಡೆಯುವ ಔಷಧಿ ಬೋರ್ಡೋ ದ್ರಾವಣ, ಅದನ್ನು ಮಾಡುವುದು ಇನ್ನೊಂದು ವಿದ್ಯೆ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಬೇರೆ, ಸುಣ್ಣ ಬೇರೆ ಕದಡಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಹೊಯ್ಯುತ್ತಾ ತಿರುಗಿಸಬೇಕು. ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು.

ಸೇಲ್ಸ್‌ನ ಅಭ್ಯಾಸಗಳು ಇಲ್ಲೂ ಕೈಹಿಡಿದವು. ಯಾವ ತೋಟ ಯಾವ ದಾರಿಯಲ್ಲಿ, ಯಾರಿಗೆ ಮೊದಲ ಔಷಧಿ ಯಾವತ್ತು ಆಗಿದೆ, ಎರಡನೆಯದು ಯಾವಾಗ ಬೀಳಬೇಕು, ಎಲ್ಲ ಡೈರಿಯಲ್ಲಿರುತ್ತದೆ. 2024ರ ಜುಲೈಯಲ್ಲಿ ಮಳೆ ಬಿಡಲೇ ಇಲ್ಲ. ಎರಡನೇ ಔಷಧಿ ಹೊಡೆಯಲು ಹೊಳವು, ಅಂದರೆ ಮಳೆಯ ಬಿಡುವು, ಸಿಗದೆ ಎಷ್ಟೋ ತೋಟಗಳಲ್ಲಿ ಕೊಳೆ ಬಂತು, ಕಾಯಿ ಉದುರಿತು. ಆ ತಿಂಗಳು ದುಡಿಮೆಯೂ ಇಲ್ಲ, ಎದೆಯಲ್ಲಿ ಮತ್ತೆ ಆ ಹಳೆಯ ಭಯ. ದಿನಾ ಬೆಳಿಗ್ಗೆ ಡೈರಿ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಿದೆ: “ಭಟ್ರೇ, ಇವತ್ತೂ ಆಗಲ್ಲ. ಉದುರಿದ ಕಾಯಿ ಹೆಕ್ಕಿ ತೋಟದಿಂದ ಹೊರಗೆ ಹಾಕಿಸಿ, ಹೊಳವಾದ ದಿನ ನಿಮ್ಮಲ್ಲೇ ಮೊದಲು.” ಕೆಟ್ಟ ಸುದ್ದಿಯನ್ನು ಗಿರಾಕಿ ಕೇಳುವ ಮೊದಲೇ ನಾವು ಹೇಳಬೇಕು ಎಂದು ಕಂಪನಿಯಲ್ಲಿ ಕಲಿತಿದ್ದೆ. ಒಂದಿಬ್ಬರು ಬಿಟ್ಟರೆ ಉಳಿದವರು ಕೊಯ್ಲಿಗೆ ನನ್ನನ್ನೇ ಕರೆದರು.

ಕೊಯ್ಲು ಮುಗಿದ ಮೇಲೆ ಮಳೆಗಾಲ ಹತ್ತಿರವಾಗುವವರೆಗೆ ಆದಾಯ ತೀರಾ ಕಡಿಮೆ, ಅದಕ್ಕೆಂದು ಮೊದಲೇ ಎತ್ತಿಡಬೇಕು. ಇದಕ್ಕೆ ಬರುವ ಮನಸ್ಸಿದ್ದವರು ಸಾಲ ಮಾಡಿ ದೋಟಿ ಕೊಳ್ಳಲು ಹೋಗಬೇಡಿ. ಒಂದು ಸೀಸನ್ ಯಾರದಾದರೂ ತಂಡದಲ್ಲಿ ಕೆಳಗೆ ನಿಂತು ಕೊನೆ ಹಿಡಿಯಿರಿ. ಕುತ್ತಿಗೆ, ಹೆಗಲು ತಡೆಯುತ್ತವೆಯೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ, ತೋಟದವರ ಪರಿಚಯವೂ ಆಗುತ್ತದೆ.