ನಾಲ್ಕು ಗಣಕಗಳಲ್ಲೂ ಒಂದೇ 1000: ಎನ್‌ಎಫ್‌ಎಸ್ ಅನುಮತಿಗಳ ಬಗ್ಗೆ ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಮುದ್ರಣಾಲಯದಲ್ಲಿ ವಿನ್ಯಾಸಕ್ಕೆ ಮೂರು, ಕರಡು ತಿದ್ದಲು ಒಂದು ಎಂದು ಉಬುಂಟು ಎಂಬ ಲಿನಕ್ಸ್ ಹಾಕಿದ ನಾಲ್ಕು ಗಣಕಗಳಿವೆ. ಮದುವೆಯ ಕಾಗದವಾಗಲಿ, ಬಯಲಾಟದ ಕರಪತ್ರವಾಗಲಿ, ಬ್ರಹ್ಮಕಲಶೋತ್ಸವದ ಆಮಂತ್ರಣವಾಗಲಿ, ಕನ್ನಡ ಮಲಯಾಳ ಎರಡರಲ್ಲೂ ಆಗಬೇಕಾದ್ದರಿಂದ ಒಂದೇ ಕಡತವನ್ನು ಇಬ್ಬರು ಮೂವರು ಮುಟ್ಟಲೇಬೇಕು. ಸರ್ವರಿನ ಕಡತಗಳನ್ನು ಜಾಲದ ಮೂಲಕ ಎಲ್ಲ ಗಣಕಗಳಿಗೂ ತೆರೆದಿಡುವ ಎನ್‌ಎಫ್‌ಎಸ್‌ನಲ್ಲಿ ಒಂದೇ ಡೈರೆಕ್ಟರಿ ಹಂಚುತ್ತೇನೆ ಎಂದಾಗ, ಅದರ ಅನುಮತಿಗಳ ಗೋಜಲು ಬಿಡಿಸಲಾಗದು, ಸುಮ್ಮನೆ ಸಾಂಬಾ (ಕಡತ ಹಂಚುವ ಇನ್ನೊಂದು ತಂತ್ರಾಂಶ) ಹಾಕಿ ಎಂದು ಬಲ್ಲವರೇ ಹೇಳಿದ್ದರು. ಎಂಟು ತಿಂಗಳಿಂದ ಒಂದು ಕಡತವೂ ತಡೆಯಾಗಿಲ್ಲದ ಕಾರಣ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಾರವೇ ವಿಚಿತ್ರ ಕಂಡಿತು. ಕರಡು ತಿದ್ದುವವರು ಉಳಿಸಿದ ಕಡತಕ್ಕೆ ಸರ್ವರಿನಲ್ಲಿ ವಿನ್ಯಾಸಕರ ಹೆಸರು ಬೀಳುತ್ತಿತ್ತು. ಅದೇ ವಿನ್ಯಾಸಕರು ಮೂರನೆಯ ಗಣಕದಲ್ಲಿ ಕುಳಿತರೆ ತಮ್ಮದೇ ಕಡತವನ್ನು ಓದಬಹುದಿತ್ತು, ಉಳಿಸಲಾಗುತ್ತಿರಲಿಲ್ಲ. ಕರೆಸಿದ ತಂತ್ರಜ್ಞರು ಸುಮಾರು 3,500 ರೂಪಾಯಿ ಪಡೆದು ಎಲ್ಲಕ್ಕೂ 777, ಅಂದರೆ ಯಾರು ಬೇಕಾದರೂ ಓದಿ ಬರೆಯುವ ಅನುಮತಿ, ಕೊಟ್ಟು ಹೋದರು. ಹಳೆಯ ಕಡತಗಳು ತೆರೆದುಕೊಂಡವು, ಹೊಸದಾಗಿ ಹುಟ್ಟಿದವು ಮತ್ತೆ ಹಟ ಹಿಡಿದವು. ಅದಕ್ಕಿಂತ ಕೆಟ್ಟದ್ದೆಂದರೆ, ಒಂದು ದೇವಸ್ಥಾನದ ಆಮಂತ್ರಣದ ಅಂತಿಮ ಪುಟ ಯಾರದೋ ಕೈತಪ್ಪಿನಿಂದ ಅಳಿಸಿಹೋಗಿ, ಹಳೆಯ ಕರಡೇ ಅಚ್ಚಾಗಿ, ಮರುಮುದ್ರಣಕ್ಕೆ ಆರು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು. ಬೇರೆಯೇ ಶೇಖರಣಾ ಪೆಟ್ಟಿಗೆಗೆ 28,000ದ ಸುಮಾರಿಗೆ ದರ ಹೇಳಿದ್ದರಿಂದ, ನಾನೇ ಮಾಡುವೆನೆಂದು ಕುಳಿತೆ.

ಎನ್‌ಎಫ್‌ಎಸ್‌ನ ಸಾಮಾನ್ಯ ಭದ್ರತಾ ಆಯ್ಕೆಯಾದ ಸೆಕ್=ಸಿಸ್ ಇದ್ದಾಗ, ಬಳಕೆದಾರರ ಗುರುತಾಗಿ ತಂತಿಯ ಮೇಲೆ ಹೋಗುವುದು ಯುಐಡಿ (ಬಳಕೆದಾರರ ಸಂಖ್ಯೆ), ಜಿಐಡಿ (ಗುಂಪಿನ ಸಂಖ್ಯೆ) ಮಾತ್ರ. ಉಬುಂಟು ತನ್ನ ಮೊದಲ ಖಾತೆಗೆ 1000 ಕೊಡುವುದರಿಂದ ನಮ್ಮಲ್ಲಿ ಮೂವರು ಸರ್ವರಿನ ಕಣ್ಣಿಗೆ ಒಬ್ಬರೇ ಆಗಿದ್ದರು, ಮೂರನೆಯ ಗಣಕದಲ್ಲಿ 1001 ಆಗಿದ್ದ ವಿನ್ಯಾಸಕರು ಪರಕೀಯರಾಗಿದ್ದರು. ಇದು ಹೊಳೆಯುವ ಮೊದಲು ಎನ್‌ಎಫ್‌ಎಸ್ ಆವೃತ್ತಿ 4ರಲ್ಲಿ ಸಂಖ್ಯೆಗಳನ್ನು ಹೆಸರುಗಳಿಗೆ ಹೊಂದಿಸುವ ಐಡಿ ಮ್ಯಾಪಿಂಗ್ ತೆರೆದು, ಎಲ್ಲ ಕಡೆ ಒಂದೇ ಡೊಮೇನ್ ಬರೆದು ಎರಡು ಸಂಜೆ ಕಳೆದೆ; ಪಟ್ಟಿಯಲ್ಲಿ ಹೆಸರುಗಳು ಚೆನ್ನಾಗಿ ಕಂಡವು, ಬರೆಯಲು ಹೋದರೆ ನಿರಾಕರಣೆ ಹಾಗೆಯೇ ಉಳಿಯಿತು, ಏಕೆಂದರೆ ಪರೀಕ್ಷೆ ನಡೆಯುವುದು ಸಂಖ್ಯೆಯ ಮೇಲೆ. ಆಲ್‌ಸ್ಕ್ವಾಷ್ ಹಾಕಿ ಎಲ್ಲರನ್ನೂ ಒಂದೇ ಅನಾಮಿಕ ಖಾತೆಗೆ ಇಳಿಸಿದಾಗ ಕೆಲಸವೇನೋ ಸಾಗಿತು, ಆದರೆ ಯಾರು ಮುಟ್ಟಿದರೆಂಬುದೇ ತಿಳಿಯದಾಯಿತು.

ಕೊನೆಗೆ ಒಂದು ಭಾನುವಾರ ಪ್ರತಿಯೊಬ್ಬರಿಗೂ 2001ರಿಂದ ಮುಂದಿನ ಸಂಖ್ಯೆಯನ್ನು, ಸರ್ವರ್ ಸೇರಿ ಎಲ್ಲ ಗಣಕಗಳಲ್ಲೂ ಒಂದೇ ಆಗಿರುವಂತೆ ಕೊಟ್ಟೆ. ಸಂಖ್ಯೆ ಬದಲಿಸುವ ಯೂಸರ್‌ಮಾಡ್ ಆದೇಶ ಬಳಕೆದಾರರ ಮನೆ (ಹೋಮ್) ಡೈರೆಕ್ಟರಿಯನ್ನಷ್ಟೇ ತಿದ್ದುವುದರಿಂದ ಉಳಿದದ್ದನ್ನು ಹುಡುಕಿ ಒಡೆತನ ಬದಲಿಸಬೇಕಾಯಿತು. ಅಚ್ಚು ಎಂಬ ಗುಂಪಿಗೆ ಎಲ್ಲೆಡೆ 3000, ಹಂಚಿದ ಡೈರೆಕ್ಟರಿಗಳಿಗೆ 2775; ಮೊದಲ 2 ಎಂದರೆ ಸೆಟ್‌ಜಿಐಡಿ, ಅಲ್ಲಿ ಹುಟ್ಟುವ ಕಡತಕ್ಕೆ ಡೈರೆಕ್ಟರಿಯ ಗುಂಪೇ ಸಿಗುತ್ತದೆ. ಇಲ್ಲಿಯೂ ಎಡವಿದೆ: ಆ ಗುಂಪನ್ನೇ ಎಲ್ಲರ ಪ್ರಾಥಮಿಕ ಗುಂಪಾಗಿಸಿದ್ದೆ. ಬಳಕೆದಾರರ ಹೆಸರಿಗೂ ಪ್ರಾಥಮಿಕ ಗುಂಪಿನ ಹೆಸರಿಗೂ ತಾಳೆಯಿಲ್ಲದಾಗ ಉಮಾಸ್ಕ್ (ಹೊಸ ಕಡತದಿಂದ ಯಾವ ಅನುಮತಿ ಕಳೆಯಬೇಕೆಂಬ ಸಂಖ್ಯೆ) 002ರಿಂದ 022ಕ್ಕೆ ಜಾರುತ್ತದೆ, ಕಡತಗಳು 644 ಆಗಿ, ಅಂದರೆ ಗುಂಪಿನವರು ಓದಬಹುದು ಬರೆಯಲಾಗದು ಎಂಬಂತೆ, ಹುಟ್ಟುತ್ತವೆ. ಅಚ್ಚನ್ನು ಹೆಚ್ಚುವರಿ ಗುಂಪಾಗಿ ಮಾತ್ರ ಇಟ್ಟ ದಿನದಿಂದ ಗುಂಪಿಗೂ ಬರೆಯಲು ಬಿಡುವ 664 ಬರುತ್ತಿದೆ.

ಬೇರೆಡೆಯಿಂದ ಎಳೆದುತಂದ ಕಡತ ಹಳೆಯ ಗುಂಪನ್ನೇ ಹೊತ್ತು ಬರುತ್ತದೆ. ಸೆಟ್‌ಜಿಐಡಿ ಹೊಸದಾಗಿ ಹುಟ್ಟುವುದಕ್ಕಷ್ಟೇ ಅನ್ವಯ. ಅದಕ್ಕೆ ರಾತ್ರಿ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ, ಅದರ ಸಾಲುಗಳನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುವೆ. ಬ್ಯಾಕಪ್ ಕೂಡ ಕ್ಲೈಂಟಿನ (ಸರ್ವರಿಗೆ ಜೋಡಿಸಿದ ಗಣಕದ) ರೂಟ್ ಎಂಬ ಮೇಲ್ವಿಚಾರಕ ಖಾತೆಯಿಂದ ಓಡುವಾಗ, ರೂಟನ್ನು ಅನಾಮಿಕ ಖಾತೆಗೆ ಇಳಿಸುವ ರೂಟ್‌ಸ್ಕ್ವಾಷ್‌ನಿಂದಾಗಿ 65534 ಆಗಿ ತಡೆಯಾಗುತ್ತಿತ್ತು. ಆ ರಕ್ಷಣೆ ತೆಗೆಯುವ ಬದಲು ಬ್ಯಾಕಪ್ಪನ್ನೇ ಸರ್ವರಿಗೆ ಸ್ಥಳಾಂತರಿಸಿದೆ. ಹಳೆಯ ಗಣಕವೇ ಸರ್ವರ್ ಆದ್ದರಿಂದ ಸಲಕರಣೆಯ ಖರ್ಚು ಡಿಸ್ಕ್ ಮತ್ತು ಸ್ವಿಚ್ಚಿಗೆ ಏಳು ಸಾವಿರದೊಳಗೆ ಮುಗಿಯಿತು.