ಗೇರುಸಿಪ್ಪೆ ಎಣ್ಣೆಯಿಂದ ಬಿಳಿ ಮೇಣದವರೆಗೆ

ನಮ್ಮ ಕರಾವಳಿಯಲ್ಲಿ ಗೇರುಬೀಜ ಒಡೆದವರಿಗೆಲ್ಲ ಗೊತ್ತು, ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಡುತ್ತದೆ. ಅದನ್ನು ಕಾಯಿಸಿ ಬಟ್ಟಿ ಇಳಿಸಿದರೆ ಕಾರ್ಡನಾಲ್ ಸಿಗುತ್ತದೆ: ಒಂದು ಫೀನಾಲ್ (ಕಾರ್ಬನ್ ಉಂಗುರಕ್ಕೆ OH ಗುಂಪು ಸೇರಿದ ಅಣು), ಅದಕ್ಕೆ 15 ಕಾರ್ಬನ್‌ಗಳ ಬಾಲ, ಬಾಲದಲ್ಲಿ 3ರವರೆಗೂ ದ್ವಿಬಂಧಗಳು. ಫೀನಾಲಿನ ಉಂಗುರವನ್ನು ಮುಟ್ಟದೆ ಆ ದ್ವಿಬಂಧಗಳಿಗಷ್ಟೇ ಹೈಡ್ರೋಜನ್ ಕೂಡಿಸುವ ಪೆಲೇಡಿಯಂ ಲೋಹದ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ನನಗೆ ಬೇಕಿತ್ತು.

ಪೆಲೇಡಿಯಂ ಕಣ ಸಣ್ಣದಾದಷ್ಟೂ ಮೇಲು ಎಂದು ಹಟ ಹಿಡಿದಿದ್ದೆ. ಪಿವಿಪಿ ಪಾಲಿಮರ್ ಬೆರೆಸಿ ಸುಮಾರು 3 ನ್ಯಾನೊಮೀಟರ್ ಕಣಗಳನ್ನು ಮಾಡಿ ಸಕ್ರಿಯ ಇದ್ದಿಲಿನ ಮೇಲೆ ಕೂರಿಸಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ರಾಗಿ ಹರವಿದಂತೆ ಎಲ್ಲ ಒಂದೇ ಸಮ. ಹೈಡ್ರೋಜನ್ ಒತ್ತಡ ತಡೆಯುವ ಮುಚ್ಚಿದ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ 6 ಗಂಟೆ ಕಳೆದರೂ ಎಣ್ಣೆ ಎಣ್ಣೆಯಾಗಿಯೇ ಇತ್ತು. ಕಣಗಳು ಒಂದಕ್ಕೊಂದು ಅಂಟದಂತೆ ಕಾದ ಪಾಲಿಮರೇ ಕಾರ್ಡನಾಲನ್ನೂ ಲೋಹದ ಹತ್ತಿರ ಬಿಡುತ್ತಿರಲಿಲ್ಲ. ಇದ್ದಿಲಿನ ಬಹುಪಾಲು ರಂಧ್ರಗಳಂತೂ 2 ನ್ಯಾನೊಮೀಟರ್‌ಗೂ ಕಿರಿದು. ನನ್ನ ಕಣಗಳು ಒಳಗೆ ಹೋಗಿರಲೇ ಇಲ್ಲ.

ಪಿವಿಪಿ ಬಿಟ್ಟೆ. ಲೋಹವನ್ನು ಕೂರಿಸುವ ಆಧಾರಕ್ಕೆ ಇದ್ದಿಲಿನ ಬದಲು ಎಸ್‌ಬಿಎ-15 ಎಂಬ ಸಿಲಿಕಾ ಹಿಡಿದೆ; ಅದರಲ್ಲಿ ಜೇನುಗೂಡಿನಂತೆ ಸಾಲಾಗಿ 7-8 ನ್ಯಾನೊಮೀಟರ್ ಅಗಲದ ಕೊಳವೆಗಳು. ಅಮೋನಿಯಾ ಹಾಕಿ ಪಿಎಚ್ 10ರ ಹತ್ತಿರ ಇಟ್ಟರೆ ಸಿಲಿಕಾದ ಮೈ ಋಣ ಆವೇಶ ಪಡೆಯುತ್ತದೆ, ಧನ ಆವೇಶದ ಪೆಲೇಡಿಯಂ ಅಮೋನಿಯಾ ಸಂಕೀರ್ಣ ತಾನಾಗಿ ಕೊಳವೆಯುದ್ದಕ್ಕೂ ಹರಡಿ ಕೂರುತ್ತದೆ. ಪಿಎಚ್ ಇನ್ನೂ ಏರಿಸಿದರೆ ಸಿಲಿಕಾವೇ ಕರಗತೊಡಗುತ್ತದೆ. ಆಮೇಲೆ ಹರಿಯುವ ಗಾಳಿಯಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ ಬಿಸಿ ಏರಿಸಬೇಕು. ಒಮ್ಮೆ ಅವಸರಪಟ್ಟು 10 ಡಿಗ್ರಿ ಇಟ್ಟೆ. ಲೋಹವೆಲ್ಲ ದಪ್ಪ ಗಂಟುಗಳಾಗಿ ಒಂದು ವಾರದ ಕೆಲಸ ಹೋಯಿತು.

ಕೊನೆಗೆ ಹೈಡ್ರೋಜನ್‌ನಲ್ಲಿ ಅಪಕರ್ಷಿಸಿ, ಅಂದರೆ ಪೆಲೇಡಿಯಂ ಆಕ್ಸೈಡನ್ನು ಮತ್ತೆ ಲೋಹವಾಗಿಸಿ, ಆಟೋಕ್ಲೇವ್‌ಗೆ ಹಾಕಿದೆ. ವೇಗ ಹೆಚ್ಚಿತು, ಆದರೂ ನಂಬಲಿಲ್ಲ. ಕದಡುವ ವೇಗ ಏರಿಸಿದಂತೆಲ್ಲ ಕ್ರಿಯೆಯೂ ಚುರುಕಾಗುತ್ತಿತ್ತು. ಅಂದರೆ ನಾನು ಅಳೆಯುತ್ತಿದ್ದುದು ಕ್ಯಾಟಲಿಸ್ಟನ್ನಲ್ಲ, ಹೈಡ್ರೋಜನ್ ದ್ರವಕ್ಕೆ ಇಳಿಯುವ ವೇಗವನ್ನು. ಕದಡುವ ವೇಗ ಬದಲಿಸಿದರೂ ಫಲಿತಾಂಶ ಬದಲಾಗದ ಹಂತ ತಲುಪಿದ ಮೇಲೆಯೇ ಹಳೆಯದನ್ನೂ ಹೊಸದನ್ನೂ ಹೋಲಿಸಿದೆ. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು.

ದ್ರಾವಕ ತೆಗೆದು ತಣಿಸಿದಾಗ ಫ್ಲಾಸ್ಕಿನಲ್ಲಿ ಬಿಳಿ ಮೇಣ ಹೆಪ್ಪುಗಟ್ಟಿತು. 50 ಡಿಗ್ರಿ ದಾಟಿದ ಮೇಲೆ ಕರಗಿತು. ಬಾಲದಲ್ಲಿ ಹೈಡ್ರೋಜನ್ ಪೂರ್ತಿ ತುಂಬಿದ ಪೆಂಟಡೆಸೈಲ್ ಫೀನಾಲ್! ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ.

ಮಾಡುವವರಿಗೆ ಒಂದು ಮಾತು: ಸೋಸಿದ ಕ್ಯಾಟಲಿಸ್ಟನ್ನು ಒಣಗಲು ಬಿಡಬೇಡಿ. ಹೈಡ್ರೋಜನ್ ಹೀರಿದ ಪೆಲೇಡಿಯಂ ಗಾಳಿ ತಾಗಿದರೆ ಮದ್ಯಸಾರದಂಥ ದ್ರಾವಕದ ಆವಿಗೆ ಬೆಂಕಿ ಹತ್ತಿಸಬಲ್ಲದು. ನೈಟ್ರೋಜನ್ ಅಡಿಯಲ್ಲಿ ಸೋಸಿ, ನೀರಿನಲ್ಲಿ ಒದ್ದೆಯಾಗಿಯೇ ಇಡಿ.