ಗಲ್ಲದ ಕೂದಲಿಗೆ ಹಾರ್ಮೋನ್ ಮಾತ್ರೆ: ನನ್ನ ಅನುಭವ

ಗಲ್ಲದಲ್ಲಿ, ಹೊಕ್ಕುಳ ಕೆಳಗೆ ದಪ್ಪ ಕಪ್ಪು ಕೂದಲು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ತಿಪಟೂರಿನ ನಮ್ಮ ಮನೆಯಲ್ಲಿ ಎಲ್ಲರೂ ಅರಿಶಿನ ಹಚ್ಚು ಅನ್ನುವವರೇ. ಎರಡಕ್ಕೂ ಕಾರಣ ಒಂದೇ ಇರಬಹುದು ಅಂದಿದ್ದು ತುಮಕೂರಿನ ಚರ್ಮದ ಡಾಕ್ಟರು.

ಅವರು ಮೈಯ 9 ಜಾಗ ನೋಡಿ, ಕೂದಲು ಎಷ್ಟಿದೆ ಅಂತ ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ ಹಾಕಿದರು. ರಕ್ತದಲ್ಲಿ ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ನೋಡಿಸಿದರು. ಕೊನೆಗೆ ಪಿಸಿಓಎಸ್, ಅಂದರೆ ಗಂಡು ಹಾರ್ಮೋನ್ ಹೆಚ್ಚಾಗಿ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ ಅಂತ ಗೊತ್ತಾಯಿತು. ಕೂದಲು ದಿಢೀರ್ ಅಂತ ಹೆಚ್ಚಾಗಿ ದನಿಯೂ ಗಡಸಾದರೆ ಮಾತ್ರ ಒಂದು ದಿನವೂ ತಡಮಾಡಬೇಡಿ, ಗಡ್ಡೆ ಇರಬಹುದು.

ಮೊದಲು ಕೊಟ್ಟಿದ್ದು ಗರ್ಭನಿರೋಧಕ ಮಾತ್ರೆ. ಮದುವೆಯಾಗದ ಹುಡುಗಿಗೆ ಇದ್ಯಾಕೆ ಅಂತ ಅಮ್ಮ ಗಾಬರಿಯಾದರು. ಈ ಮಾತ್ರೆಯಿಂದ ಅಂಡಾಶಯ ಗಂಡು ಹಾರ್ಮೋನನ್ನು ಕಡಿಮೆ ಮಾಡುತ್ತೆ, ರಕ್ತದಲ್ಲಿ ಉಳಿದಿದ್ದನ್ನು ಹಿಡಿದಿಡುವ ಪ್ರೋಟೀನ್ ಜಾಸ್ತಿಯಾಗುತ್ತೆ ಅಂತ ಡಾಕ್ಟರು ಬಿಡಿಸಿ ಹೇಳಿದ ಮೇಲೇ ಅವರು ಒಪ್ಪಿದ್ದು. ಬಿಪಿ ನೋಡಿದರು. ಮೈಗ್ರೇನ್ ಇದೆಯಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತಾ ಅಂತ ಕೇಳಿದರು. ಇಷ್ಟೂ ಕೇಳದೆ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುವ ಮಾತ್ರೆ ಇದಲ್ಲ.

ಆರು ತಿಂಗಳಾದರೂ ಸಾಕಷ್ಟು ಕಡಿಮೆಯಾಗದಿದ್ದಾಗ ಸ್ಪಿರೊನೊಲ್ಯಾಕ್ಟೋನ್ ಸೇರಿಸಿದರು. 50 ಮಿಲಿಗ್ರಾಂನಿಂದ ಶುರು, ಆಮೇಲೆ 100. ಇದು ಬಿಪಿಗೆ, ಹೃದಯದ ತೊಂದರೆಗೆ ಕೊಡುವ ಮಾತ್ರೆಯೇ. ಕೂದಲಿನ ಬುಡದಲ್ಲಿ ಗಂಡು ಹಾರ್ಮೋನಿನ ಕೆಲಸಕ್ಕೆ ತಡೆ ಹಾಕುತ್ತೆ. ಮೂತ್ರ ಜಾಸ್ತಿ ಹೋಗುತ್ತೆ, ಹಾಗಾಗಿ ಬೆಳಿಗ್ಗೆಯೇ ತೆಗೆದುಕೊಳ್ಳುತ್ತಿದ್ದೆ. ಪೊಟ್ಯಾಸಿಯಂ ಏರಬಹುದು ಅಂತ ರಕ್ತ ಪರೀಕ್ಷೆ ಮಾಡಿಸಿದರು. ದಿನಾ ಏನು ಕುಡೀತೀರಿ ಅಂದರು. ಎಳನೀರು ಅಂದೆ. ನಮ್ಮದು ತೆಂಗಿನ ತೋಟ, ಅದಿಲ್ಲದೆ ಬೆಳಗಾಗುವುದೇ ಇಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಅಪರೂಪಕ್ಕೆ ಕುಡಿಯಿರಿ ಅಂದರು.

ಮುಖ್ಯವಾದ ಮಾತು: ಸ್ಪಿರೊನೊಲ್ಯಾಕ್ಟೋನ್ ತೆಗೆದುಕೊಳ್ಳುವಾಗ ಗರ್ಭ ನಿಲ್ಲಬಾರದು. ಹೊಟ್ಟೆಯಲ್ಲಿರುವುದು ಗಂಡು ಮಗುವಾದರೆ ಅದರ ಜನನಾಂಗದ ಬೆಳವಣಿಗೆಗೆ ತೊಂದರೆಯಾಗಬಹುದು. ನಾಚಿಕೊಂಡು ಇದನ್ನು ಮುಚ್ಚಿಡಬಾರದು. ಮದುವೆ ಗೊತ್ತಾದ ಹುಡುಗಿಯರಿಗಂತೂ ಹೇಳಲೇಬೇಕು.

ಆಗಲೇ ದಪ್ಪಗಾದ ಕೂದಲು ಮಾತ್ರೆಯಿಂದ ಉದುರಿ ಹೋಗುವುದಿಲ್ಲ. ಹೊಸದಾಗಿ ಬರುವುದು ತೆಳ್ಳಗೆ, ನಿಧಾನಕ್ಕೆ ಬರುತ್ತೆ. ಗಲ್ಲಕ್ಕೆ ಲೇಸರ್ ಮಾಡಿಸಿದೆ. ಮಾತ್ರೆ ಬಿಟ್ಟರೆ ಮತ್ತೆ ಬರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಅದಕ್ಕೇ ಮದುವೆ ಮಾತು ಬಂದರೆ ಮೊದಲು ಅವರನ್ನೇ ಕಾಣುತ್ತೇನೆ, ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಕೇಳುವುದಕ್ಕೆ.